ನಾಲ್ಕು ವರ್ಷದ ಚುಕ್ಕೆಗಳಿಂದ 30 ಲಕ್ಷ ವರ್ಷದ ಕಕ್ಷೆ ಲೆಕ್ಕ ಹಾಕೋದು ಹೇಗೆ?

ಹೊಲದಂಚಿನ_ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಖಗೋಳ ಓದಿದವನಲ್ಲ, ಬಿಕಾಂ ಮಾಡಿದವನು, ತಪ್ಪಿದ್ದರೆ ಬೈಬೇಡಿ.

2024ರ ಅಕ್ಟೋಬರ್‌ನಲ್ಲಿ ಸಂಜೆ ಪಶ್ಚಿಮಕ್ಕೆ ಕಾಣಿಸುತ್ತಿದ್ದ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವನ್ನು ನಮ್ಮ ಹೊಲದ ಬದುವಿನ ಮೇಲೆ ನಿಂತು ನೋಡಿದ್ದೆ. ಅವತ್ತಿನಿಂದ ಇದರ ಹುಚ್ಚು ಹಿಡಿದಿದೆ. ಆಗ ಪೇಪರ್‌ನಲ್ಲೆಲ್ಲಾ "80 ಸಾವಿರ ವರ್ಷಕ್ಕೊಮ್ಮೆ ಬರುವ ಧೂಮಕೇತು" ಅಂತ ಬಂದಿತ್ತು. ಆಮೇಲೆ ಅದರ ಕಕ್ಷೆಯ ಪಟ್ಟಿ ತೆಗೆದು ನೋಡಿದರೆ ಉತ್ಕೇಂದ್ರತೆ (ಕಕ್ಷೆ ಎಷ್ಟು ಉದ್ದಕ್ಕೆ ಎಳೆದಂತಿದೆ ಅನ್ನೋ ಸಂಖ್ಯೆ) 1.0001 ಅಂತಿದೆ! ಒಂದಕ್ಕಿಂತ ಜಾಸ್ತಿ ಇದ್ದರೆ ಅದು ವಾಪಸ್ ಬರುವುದೇ ಇಲ್ಲ ಅಲ್ವಾ? ಹಾಗಾದರೆ 80 ಸಾವಿರ ಎಲ್ಲಿಂದ ಬಂತು?

ಇದು ಸಾಲದು ಅಂತ ಮೊನ್ನೆ ಬರ್ನಾರ್ಡಿನೆಲ್ಲಿ-ಬರ್ನ್‌ಸ್ಟೈನ್ ಅನ್ನುವ ದೈತ್ಯ ಧೂಮಕೇತುವಿನ ಬಗ್ಗೆ ಓದಿದೆ. ಚಿಲಿಯ ಒಂದು ದೂರದರ್ಶಕ 2014ರಿಂದ 2018ರವರೆಗೆ ತೆಗೆದ ಚಿತ್ರಗಳಲ್ಲಿ ಸಿಕ್ಕಿದ್ದು ಮೂವತ್ತು ಚಿಲ್ಲರೆ ಚುಕ್ಕೆ. ಅಷ್ಟರಲ್ಲೇ "ಸುಮಾರು 30 ಲಕ್ಷ ವರ್ಷದ ಸುತ್ತು, 40 ಸಾವಿರ ಖಗೋಳಮಾನ ದೂರದ ಊರ್ಟ್ ಮೋಡದಿಂದ ಬಂದಿದೆ" ಅಂತ ಹೇಳಿಬಿಟ್ಟಿದ್ದಾರೆ (ಖಗೋಳಮಾನ ಅಂದರೆ ಭೂಮಿಯಿಂದ ಸೂರ್ಯನವರೆಗಿನ ದೂರ, ಊರ್ಟ್ ಮೋಡ ಅಂದರೆ ಸೌರವ್ಯೂಹದ ಅಂಚಿನಲ್ಲಿರುವ ಧೂಮಕೇತುಗಳ ದಾಸ್ತಾನು). 30 ಲಕ್ಷದಲ್ಲಿ ನಾಲ್ಕು ವರ್ಷ ಅಂದರೆ ಏನೂ ಅಲ್ಲ. ಬೆಂಗಳೂರಿನಿಂದ ಹೊರಟ ಬಸ್ಸನ್ನು ಮೆಜೆಸ್ಟಿಕ್‌ನಲ್ಲೇ ಎರಡು ಹೆಜ್ಜೆ ನೋಡಿ "ಇದು ಕಾಶ್ಮೀರಕ್ಕೆ ಹೋಗ್ತಿದೆ, ಇಂಥ ದಿನ ತಲುಪುತ್ತೆ" ಅಂದ ಹಾಗಾಯ್ತು.

ಅದೂ ಅಲ್ಲದೆ ಚಿತ್ರದಲ್ಲಿ ಕಾಣೋದು ಬರೀ ದಿಕ್ಕು, ದೂರ ಎಷ್ಟು ಅಂತ ಎಲ್ಲೂ ಬರೆದಿರಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ರಾತ್ರಿಪಾಳಿ:

ಸಾಫ್ಟ್‌ವೇರ್‌ಗೆ ಹಾಕಿದರೆ ಅದೇ ಹೇಳುತ್ತೆ ಗುರು, ನಾವ್ಯಾಕೆ ತಲೆ ಕೆಡಿಸಿಕೊಳ್ಳೋದು 😄 ಆದರೆ ಉತ್ಕೇಂದ್ರತೆ 1 ದಾಟಿದರೆ ಬೇರೆ ನಕ್ಷತ್ರದ ಕಡೆಯಿಂದ ಬಂದದ್ದು ಅಂತಲೇ ಅರ್ಥ. ಬೋರಿಸೊವ್ ಅನ್ನೋ ಧೂಮಕೇತು ಹಾಗೇ ತಾನೇ ಸಿಕ್ಕಿದ್ದು.

ಲೆಕ್ಕದ_ಮೇಷ್ಟ್ರು:

ರಾತ್ರಿಪಾಳಿ ಅವರ ಎರಡನೇ ಮಾತು ತಪ್ಪು, ಅದಕ್ಕೆ ಆಮೇಲೆ ಬರೋಣ. ಮೊದಲು ದೂರದ ವಿಷಯ.

ಬಸ್ಸಿನ ಉದಾಹರಣೆ ನೀವೇ ಕೊಟ್ಟಿದ್ದೀರಿ, ಅದನ್ನೇ ಹಿಡಿಯೋಣ. ಓಡುವ ಬಸ್ಸಿನ ಕಿಟಕಿಯಿಂದ ನೋಡಿದರೆ ರಸ್ತೆ ಪಕ್ಕದ ಮರ ಸರ್ರನೆ ಹಿಂದಕ್ಕೆ ಹೋಗುತ್ತದೆ, ದೂರದ ಬೆಟ್ಟ ನಿಧಾನ. ನಿಮ್ಮ ಬಸ್ಸಿನ ವೇಗ ಗೊತ್ತಿದ್ದರೆ, ಒಂದು ವಸ್ತು ಎಷ್ಟು ಸರಿಯಿತು ಎನ್ನುವುದರಿಂದಲೇ ಅದು ಎಷ್ಟು ದೂರದಲ್ಲಿದೆ ಎಂದು ಹೇಳಬಹುದು. ನಮ್ಮ ಬಸ್ಸು ಭೂಮಿ. ಅದು ಸೂರ್ಯನ ಸುತ್ತ ವರ್ಷಕ್ಕೊಂದು ಸುತ್ತು ಹಾಕುವಾಗ ದೂರದ ಧೂಮಕೇತು ನಕ್ಷತ್ರಗಳ ನಡುವೆ ತಾನೂ ಸಣ್ಣ ಸುತ್ತು ಸುತ್ತಿದಂತೆ ಕಾಣುತ್ತದೆ. ಹತ್ತಿರದ್ದಾದರೆ ದೊಡ್ಡ ಸುತ್ತು, ದೂರದ್ದಾದರೆ ಚಿಕ್ಕದು. ಇದೇ ಪ್ಯಾರಲಾಕ್ಸ್. ಬರ್ನಾರ್ಡಿನೆಲ್ಲಿ-ಬರ್ನ್‌ಸ್ಟೈನ್ ಮೊದಲ ಬಾರಿ ಆ ಚಿತ್ರಗಳಲ್ಲಿ ಸಿಕ್ಕಾಗ 29 ಖಗೋಳಮಾನ ದೂರದಲ್ಲಿತ್ತು, ಹೆಚ್ಚುಕಡಿಮೆ ನೆಪ್ಚೂನಿನಷ್ಟು ದೂರ. ಅಲ್ಲಿಂದ ಈ ಓಲಾಟ ಆ ಕಡೆ ಎರಡು ಡಿಗ್ರಿ, ಈ ಕಡೆ ಎರಡು ಡಿಗ್ರಿ. ಹುಣ್ಣಿಮೆ ಚಂದ್ರನ ಅಗಲವೇ ಅರ್ಧ ಡಿಗ್ರಿ, ಹಾಗಾಗಿ ಇದು ಭಾರೀ ದೊಡ್ಡ ಓಲಾಟ.

ಈ ಲೆಕ್ಕ ಹೊಸದೂ ಅಲ್ಲ. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಖಗೋಳಜ್ಞ ಪಿಯಾಜಿ ಸಿರಿಸ್ ಎನ್ನುವ ಕುಬ್ಜಗ್ರಹವನ್ನು ಕಂಡುಹಿಡಿದರು, ಫೆಬ್ರವರಿ 11ರವರೆಗೆ ನೋಡಿದರು, ಅಷ್ಟರಲ್ಲಿ ಅದು ಸೂರ್ಯನ ಬೆಳಕಲ್ಲಿ ಮುಚ್ಚಿಹೋಯಿತು. ಮತ್ತೆ ಎಲ್ಲಿ ಹುಡುಕಬೇಕು ಅಂತ ಯಾರಿಗೂ ಗೊತ್ತಿಲ್ಲ. 24 ವರ್ಷದ ಗಣಿತಜ್ಞ ಗೌಸ್ ಆ 41 ದಿನಗಳ ದಿಕ್ಕುಗಳಿಂದಲೇ ಕಕ್ಷೆ ಕಟ್ಟಿ ಜಾಗ ತೋರಿಸಿದ, ವರ್ಷದ ಕೊನೇ ದಿನ ಅಲ್ಲೇ ಹತ್ತಿರ ಸಿಕ್ಕಿತು. ಒಂದು ದಿಕ್ಕು ಹೇಳಲು ಎರಡು ಸಂಖ್ಯೆ ಬೇಕು, ಮೂರು ಬಾರಿ ನೋಡಿದರೆ ಆರು ಸಂಖ್ಯೆ ಸಿಗುತ್ತವೆ, ಕಕ್ಷೆಗೆ ಬೇಕಾದ್ದೂ ಆರೇ ಸಂಖ್ಯೆ. ಉಳಿದ ಚುಕ್ಕೆಗಳೆಲ್ಲ ತಪ್ಪು ಕಡಿಮೆ ಮಾಡುವುದಕ್ಕೆ.

ಈಗ ನಿಮ್ಮ ಅಸಲಿ ಅನುಮಾನ: 30 ಲಕ್ಷ ವರ್ಷ. ಇಲ್ಲೇ ಎಲ್ಲರೂ ಎಡವುವುದು. ಯಾರೂ ಕಕ್ಷೆಯ ಉದ್ದವನ್ನು ಟೇಪು ಹಿಡಿದು ಅಳೆಯುವುದಿಲ್ಲ. ಅಳೆಯುವುದು ವೇಗ. ಕಲ್ಲನ್ನು ಮೇಲಕ್ಕೆ ಎಸೆದರೆ ಕೈ ಬಿಟ್ಟ ಕ್ಷಣದ ವೇಗ ಗೊತ್ತಾದರೆ ಸಾಕು, ಎಷ್ಟು ಎತ್ತರ ಹೋಗುತ್ತದೆ, ಯಾವಾಗ ಬೀಳುತ್ತದೆ ಎಲ್ಲ ಹೇಳಬಹುದು, ಬೀಳುವವರೆಗೆ ಕಾಯಬೇಕಿಲ್ಲ. ಧೂಮಕೇತುವೂ ಸೂರ್ಯನ ಕಡೆಗೆ ಬೀಳುತ್ತಿರುವ ಕಲ್ಲೇ. ಒಂದು ದೂರದಲ್ಲಿ ಅದರ ವೇಗ ಎಷ್ಟು ಎಂದು ಗೊತ್ತಾದರೆ ಎಷ್ಟು ಎತ್ತರದಿಂದ ಬಿತ್ತು ಅನ್ನುವುದೂ ಗೊತ್ತಾಗುತ್ತದೆ.

ಲೆಕ್ಕ ಮಾಡಿ ನೋಡಿ. 20 ಖಗೋಳಮಾನ ದೂರದಲ್ಲಿ ಸೂರ್ಯನ ಹಿಡಿತದಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗ ಸೆಕೆಂಡಿಗೆ ಸುಮಾರು 9.42 ಕಿಲೋಮೀಟರ್. 40 ಸಾವಿರ ಖಗೋಳಮಾನದ ಎತ್ತರದಿಂದ ಬಿದ್ದ ಧೂಮಕೇತು ಅಲ್ಲಿಗೆ ಬರುವಾಗ ಇರುವ ವೇಗ ಅದಕ್ಕಿಂತ ಸೆಕೆಂಡಿಗೆ ಬರೀ 2.3 ಮೀಟರ್ ಕಡಿಮೆ. ಗಂಟೆಗೆ ಎಂಟು ಕಿಲೋಮೀಟರ್ ಚಿಲ್ಲರೆ. ಬೆಳಗ್ಗೆ ಪಾರ್ಕಿನಲ್ಲಿ ನಿಧಾನಕ್ಕೆ ಓಡುವವರ ವೇಗ ಅದು. "30 ಲಕ್ಷ ವರ್ಷಕ್ಕೆ ಮತ್ತೆ ಬರುತ್ತದೆ" ಮತ್ತು "ಎಂದೂ ಬರುವುದಿಲ್ಲ" ಎರಡರ ನಡುವೆ ಇರುವುದು ಅಷ್ಟೇ.

ಇಷ್ಟು ಸಣ್ಣದನ್ನು ಹಿಡಿಯಬಹುದಾ? ನಾಲ್ಕು ವರ್ಷ ಸೆಕೆಂಡಿಗೆ ಎರಡೂವರೆ ಮೀಟರ್ ವ್ಯತ್ಯಾಸ ಅಂದರೆ ಕೊನೆಗೆ ಮೂರು ಲಕ್ಷ ಕಿಲೋಮೀಟರ್, ಇಲ್ಲಿಂದ ಚಂದ್ರನಷ್ಟು ದೂರವೂ ಇಲ್ಲ. 25 ಖಗೋಳಮಾನ ಆಚೆ ಅಷ್ಟು ಹತ್ತಿರವೋ ದೂರವೋ ಆದರೆ ಪ್ಯಾರಲಾಕ್ಸ್ ಸುತ್ತು ಸುಮಾರು ಅರ್ಧ ಆರ್ಕ್‌ಸೆಕೆಂಡ್ ಬದಲಾಗುತ್ತದೆ. ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ರೂಪಾಯಿ ನಾಣ್ಯವನ್ನು ನಾಲ್ಕೈದು ಕಿಲೋಮೀಟರ್ ದೂರದಿಂದ ನೋಡಿದ ಹಾಗೆ. ಸೆರ್ರೊ ಟೊಲೊಲೊದ ನಾಲ್ಕು ಮೀಟರ್ ಬ್ಲಾಂಕೊ ದೂರದರ್ಶಕದ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಸುಮಾರು 0.26 ಆರ್ಕ್‌ಸೆಕೆಂಡ್. ಅಂದರೆ ಎರಡು ಪಿಕ್ಸೆಲ್. ಚುಕ್ಕೆಯ ನಡುವನ್ನು ಪಿಕ್ಸೆಲ್‌ನ ಸಣ್ಣ ಭಾಗದಷ್ಟು ನಿಖರವಾಗಿ ಗುರುತಿಸಬಹುದು, ಹಾಗಾಗಿ ಎರಡು ಪಿಕ್ಸೆಲ್ ಧಾರಾಳ. ಇದು ನನ್ನ ಕೈಲೆಕ್ಕ, ನಿಜವಾದ ಲೆಕ್ಕದಲ್ಲಿ ಎಲ್ಲ ಚುಕ್ಕೆಗಳನ್ನೂ ಒಟ್ಟಿಗೆ ಕೂರಿಸುತ್ತಾರೆ. ಆಮೇಲೆ 2010ರ ಹಳೇ ಚಿತ್ರಗಳಲ್ಲೂ ಅದು ಸಿಕ್ಕಿತು, 34 ಖಗೋಳಮಾನ ದೂರದಲ್ಲಿ. ಆಗ ಇನ್ನೂ ಬಿಗಿಯಾಯಿತು. 2021ರಲ್ಲಿ ಕಂಡುಹಿಡಿದವರೇ ಪ್ರಕಟಿಸಿದ ಸಂಖ್ಯೆ: ಅತಿ ದೂರದ ಬಿಂದು 40,400 ಖಗೋಳಮಾನ, ಅದಕ್ಕಿಂತ 260 ಹೆಚ್ಚೋ ಕಡಿಮೆಯೋ ಇರಬಹುದು.

ಹೊಲದಂಚಿನ_ಹುಡುಗ:

ಮೇಷ್ಟ್ರೇ, ಎರಡು ಸಲ ಓದಿದೆ, ಪಾರ್ಕಿನಲ್ಲಿ ಓಡುವವರ ವೇಗ ಅನ್ನೋ ಜಾಗದಲ್ಲಿ ಮೈ ಜುಂ ಅಂತು. ಆದರೆ 1.0001ರ ಕಥೆ ಹಾಗೇ ಉಳಿಯಿತು. ರಾತ್ರಿಪಾಳಿ ಅವರು ಹೇಳಿದ್ದು ತಪ್ಪು ಅಂದಿರಲ್ಲ, ಯಾಕೆ?

ಬಾಲಚುಕ್ಕಿ:

ಇದಕ್ಕೆ ನಾನು ಉತ್ತರ ಕೊಡ್ತೀನಿ, ಮೇಷ್ಟ್ರು ಸುಧಾರಿಸಿಕೊಳ್ಳಲಿ. ಎಂಎಸ್ಸಿ ಪ್ರಾಜೆಕ್ಟಿಗೆ ಆರು ತಿಂಗಳು ಇದೇ ಕೆಲಸ ಮಾಡಿದ್ದೆ, ಮೊದಲ ತಿಂಗಳು ನಾನೂ ಇದೇ ಗುಂಡಿಗೆ ಬಿದ್ದಿದ್ದೆ.

ಸೂರ್ಯ ಒಂದೇ ಕಡೆ ನಿಂತಿಲ್ಲ. ದೊಡ್ಡಣ್ಣ ಒಬ್ಬ ಪುಟ್ಟ ಮಗುವಿನ ಕೈ ಹಿಡಿದು ಗಿರಗಿರ ತಿರುಗಿಸುವುದನ್ನು ನೋಡಿ, ಮಗು ದೊಡ್ಡ ಸುತ್ತು ಹೋಗುತ್ತದೆ, ಅಣ್ಣನ ಕಾಲೂ ಸಣ್ಣದೊಂದು ಸುತ್ತು ಹಾಕುತ್ತದೆ. ಗುರುಗ್ರಹ ಸೂರ್ಯನನ್ನು ಹಾಗೆ ಆಡಿಸುತ್ತದೆ. ಎಷ್ಟು ವೇಗದಲ್ಲಿ ಗೊತ್ತಾ? ಸೆಕೆಂಡಿಗೆ ಸುಮಾರು 12.5 ಮೀಟರ್. ಈಗ ಮೇಷ್ಟ್ರ 2.3 ಮೀಟರ್ ಪಕ್ಕದಲ್ಲಿಟ್ಟು ನೋಡಿ. ಅಳೆಯಬೇಕಾದ ವ್ಯತ್ಯಾಸಕ್ಕಿಂತ ಅಳತೆಗೋಲೇ ಐದು ಪಟ್ಟು ಜಾಸ್ತಿ ಅಲುಗಾಡುತ್ತಿದೆ!

ನೀವು ನೋಡಿದ ಪಟ್ಟಿಯಲ್ಲಿ ಇರುವುದು ಆ ದಿನಕ್ಕೆ, ಸೂರ್ಯನನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡ ಕಕ್ಷೆ. ಸೂರ್ಯ ಆ ದಿನ ಯಾವ ಕಡೆ ಓಡುತ್ತಿದ್ದಾನೆ ಎನ್ನುವುದರ ಮೇಲೆ ಉತ್ಕೇಂದ್ರತೆ 0.9999 ಆಗಬಹುದು, 1.0001 ಆಗಬಹುದು. ಪಟ್ಟಿಯ ಮೇಲ್ಗಡೆ ಬರೆದಿರುವ ದಿನಾಂಕ ಬದಲಿಸಿದರೆ ಸಂಖ್ಯೆಯೂ ಬದಲಾಗುತ್ತದೆ. ಧೂಮಕೇತು ಮನಸ್ಸು ಬದಲಿಸಿದ್ದಲ್ಲ ಅದು.

80 ಸಾವಿರ ವರ್ಷದ ಕಥೆಯೂ ಇದೇ. ಅದು ಧೂಮಕೇತು ಸಿಕ್ಕ ಹೊಸತರಲ್ಲಿ ಲೆಕ್ಕ ಹಾಕಿದ ಕಕ್ಷೆಯಿಂದ ಬಂದ ಸಂಖ್ಯೆ. 4 ಖಗೋಳಮಾನ ದೂರದಲ್ಲಿ 80 ಸಾವಿರ ವರ್ಷದ ಕಕ್ಷೆಗೂ ವಾಪಸ್ ಬಾರದ ಕಕ್ಷೆಗೂ ವೇಗದಲ್ಲಿ ಇರುವ ವ್ಯತ್ಯಾಸ ಸೆಕೆಂಡಿಗೆ 11 ಮೀಟರ್ ಅಷ್ಟೇ, ಸೂರ್ಯನ ಅಲುಗಾಟಕ್ಕಿಂತ ಕಡಿಮೆ. ಪೇಪರಿನವರು ಅದನ್ನು ಬಸ್ಸಿನ ಟೈಮಿಂಗ್ ಥರ ಬರೆದರು, ಅವರನ್ನು ಬೈದು ಏನು ಪ್ರಯೋಜನ, ಹೆಡ್‌ಲೈನಿಗೆ ಇಷ್ಟೆಲ್ಲ ಲೆಕ್ಕ ಹಾಕಕ್ಕಾಗುತ್ತಾ.

ಸರಿಯಾದ ದಾರಿ ಹೀಗೆ. ಈಗಿನ ಕಕ್ಷೆಯನ್ನು ಹಿಡಿದು ಕಂಪ್ಯೂಟರ್‌ನಲ್ಲಿ ಕಾಲವನ್ನು ಹಿಂದಕ್ಕೆ ಓಡಿಸುತ್ತೇವೆ, ಎಲ್ಲ ಗ್ರಹಗಳ ಸೆಳೆತವನ್ನೂ ಸೇರಿಸಿ, ಧೂಮಕೇತು ಸೂರ್ಯನಿಂದ 250 ಖಗೋಳಮಾನ ಆಚೆ ಹೋಗುವವರೆಗೆ. ಅಲ್ಲಿ ನಿಂತು ಸೂರ್ಯನಿಂದಲ್ಲ, ಇಡೀ ಸೌರವ್ಯೂಹದ ತೂಕದ ನಡುಬಿಂದುವಿನಿಂದ ಕಕ್ಷೆ ಬರೆಯುತ್ತೇವೆ. ಇದಕ್ಕೆ ಮೂಲ ಕಕ್ಷೆ ಅನ್ನುತ್ತಾರೆ. ಎಲ್ಲಿಂದ ಬಂತು ಅಂತ ಕೇಳಬೇಕಾದ್ದು ಇದನ್ನು. ಹಾಗೇ ಮುಂದಕ್ಕೂ ಓಡಿಸಿದರೆ ಮುಂದಿನ ಕಕ್ಷೆ. ಬರ್ನಾರ್ಡಿನೆಲ್ಲಿ-ಬರ್ನ್‌ಸ್ಟೈನ್ 2031ರ ಜನವರಿಯಲ್ಲಿ ಸೂರ್ಯನಿಗೆ 11 ಖಗೋಳಮಾನದಷ್ಟು ಹತ್ತಿರ ಬರುತ್ತದೆ, ಶನಿಗಿಂತ ಆಚೆಯೇ ಉಳಿಯುತ್ತದೆ. ಆದರೂ ಗ್ರಹಗಳು ಅದನ್ನು ಸುಮ್ನೆ ಬಿಡುವುದಿಲ್ಲ: 40 ಸಾವಿರದಿಂದ ಬಂದದ್ದು ಹೋಗುವಾಗ ಸುಮಾರು 55 ಸಾವಿರ ಖಗೋಳಮಾನದವರೆಗೆ ಹೋಗುತ್ತದೆ.

ರಾತ್ರಿಪಾಳಿ ಅವರಿಗೆ: ಬೋರಿಸೊವ್‌ನ ಉತ್ಕೇಂದ್ರತೆ 3.36. ಸೂರ್ಯನಿಂದ ದೂರ ಇರುವಾಗಲೇ ಸೆಕೆಂಡಿಗೆ 32 ಕಿಲೋಮೀಟರ್ ವೇಗ ಇತ್ತು. 2025ರಲ್ಲಿ ಸಿಕ್ಕ 3ಐ ಅಟ್ಲಾಸ್‌ಗೆ 58 ಕಿಲೋಮೀಟರ್, ಉತ್ಕೇಂದ್ರತೆ 6 ದಾಟಿದೆ. ಅಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ, ನಾವು ಮೀಟರ್ ಲೆಕ್ಕದಲ್ಲಿ ಜಗಳ ಆಡುತ್ತಿದ್ದೇವೆ, ಅವು ಕಿಲೋಮೀಟರ್ ಲೆಕ್ಕದಲ್ಲಿ ಬಂದವು. ಉಲ್ಟಾ ಉದಾಹರಣೆಯೂ ಇದೆ. 1980ರ ಬೋವೆಲ್ ಧೂಮಕೇತುವಿನ ಉತ್ಕೇಂದ್ರತೆ 1.057 ಆಯಿತು, ಯಾಕೆಂದರೆ ಅದೇ ಡಿಸೆಂಬರ್‌ನಲ್ಲಿ ಗುರುವಿನ ಹತ್ತಿರ ಹಾದು ಒದೆ ತಿಂದಿತು. ಅದು ನಮ್ಮ ಮನೆಯದೇ, ಆಚೆಗೆ ದಬ್ಬಿಸಿಕೊಂಡಿತು.

ರಾತ್ರಿಪಾಳಿ:

ಒಪ್ಪಿದೆ ಅಕ್ಕಾ, ಶರಣು 🙏 ಆದರೆ ಒಂದು ಕೊಕ್ಕೆ. ಊರ್ಟ್ ಮೋಡವನ್ನು ಇವತ್ತಿನವರೆಗೂ ಯಾರೂ ಕಣ್ಣಲ್ಲಿ ನೋಡಿಲ್ಲ. ನೋಡದೇ ಇರುವ ಜಾಗದಿಂದ ಬಂತು ಅನ್ನೋದು ನಂಬಿಕೆ ಆಗಲಿಲ್ವಾ?

ಬಾಲಚುಕ್ಕಿ:

ಒಳ್ಳೇ ಕೊಕ್ಕೆ. ಊರಿಗೆ ಬರುವ ಹಣ್ಣಿನ ಲಾರಿಗಳನ್ನು ನೋಡಿಯೇ ತೋಟ ಯಾವ ಕಡೆ ಇದೆ ಅಂತ ಹೇಳಬಹುದಲ್ಲ, ಹಾಗೆ. 1950ರಲ್ಲಿ ಯಾನ್ ಊರ್ಟ್ ಮಾಡಿದ್ದು ಅದೇ. ಕಕ್ಷೆ ಚೆನ್ನಾಗಿ ಗೊತ್ತಿದ್ದ 19 ಧೂಮಕೇತುಗಳ ಮೂಲ ಕಕ್ಷೆ ನೋಡಿದರು. ಅವುಗಳಲ್ಲಿ ಹಲವು ಒಂದೇ ಕಡೆ ಗುಂಪುಗೂಡಿದ್ದವು, ಹತ್ತಾರು ಸಾವಿರ ಖಗೋಳಮಾನದ ಆಚೆ. ಇದರಲ್ಲಿ ತಮಾಷೆ ಏನೆಂದರೆ, ಗ್ರಹಗಳ ನಡುವೆ ಒಂದೇ ಸಲ ಹಾದರೂ ಕಕ್ಷೆ ಆ ಗುಂಪಿನಿಂದ ಹೊರಗೆ ತಳ್ಳಲ್ಪಡುತ್ತದೆ. ಹಾಗಿದ್ದೂ ಗುಂಪು ಇದೆ ಅಂದರೆ ಅವೆಲ್ಲ ಮೊದಲ ಸಲ ಬರುತ್ತಿರುವವು. ಅಲ್ಲೆಲ್ಲೋ ದಾಸ್ತಾನು ಇದೆ, ಅದೂ ಚಪ್ಪಟೆಯಾಗಿಲ್ಲ, ಸುತ್ತಲೂ ಇದೆ, ಏಕೆಂದರೆ ಅವು ಎಲ್ಲ ದಿಕ್ಕಿನಿಂದಲೂ ಬರುತ್ತವೆ. ಬರ್ನಾರ್ಡಿನೆಲ್ಲಿ-ಬರ್ನ್‌ಸ್ಟೈನ್ ಕಕ್ಷೆಯ ಓರೆ 95 ಡಿಗ್ರಿ, ಗ್ರಹಗಳ ತಟ್ಟೆಗೆ ನೆಟ್ಟಗೆ ಮೊಳೆ ಹೊಡೆದ ಹಾಗೆ.

ಆದರೆ ನಂಬಿಕೆಯ ಮಾತು ಪೂರ್ತಿ ಸುಳ್ಳೂ ಅಲ್ಲ. ಹಿಂದಿನ ಸಲ ಅದು ಎಷ್ಟು ಹತ್ತಿರ ಬಂದಿತ್ತು ಅನ್ನುವ ಪ್ರಶ್ನೆಗೆ ಸೂರ್ಯ, ಗ್ರಹಗಳು ಸಾಲುವುದಿಲ್ಲ. ಅಷ್ಟು ದೂರದಲ್ಲಿ ಇಡೀ ಹಾಲುಹಾದಿಯ ಸೆಳೆತ ಮೆಲ್ಲಗೆ ಎಳೆಯುತ್ತದೆ, ಹಾದುಹೋಗುವ ನಕ್ಷತ್ರಗಳೂ ತಳ್ಳುತ್ತವೆ. ಕಂಡುಹಿಡಿದವರ ಲೆಕ್ಕದ ಪ್ರಕಾರ ಹಿಂದಿನ ಭೇಟಿ 35 ಲಕ್ಷ ವರ್ಷದ ಹಿಂದೆ, 18 ಖಗೋಳಮಾನಕ್ಕಿಂತ ಒಳಗೆ ಬಂದಿರಲಿಲ್ಲ. ಗೊತ್ತಿಲ್ಲದ ನಕ್ಷತ್ರ ಯಾವುದಾದರೂ ಹಾದಿದ್ದರೆ ಇನ್ನೂ ಹತ್ತಿರ ಬಂದಿರಬಹುದು ಅಂತ ಅವರೇ ಬರೆದಿದ್ದಾರೆ. ಎಚ್‌ಡಿ 7977 ಅಂತ ಒಂದು ನಕ್ಷತ್ರ ಇದೆ, ಸುಮಾರು 28 ಲಕ್ಷ ವರ್ಷದ ಹಿಂದೆ ಸೂರ್ಯನ ಹತ್ತಿರದಿಂದ ಹೋಗಿದೆ, ಎಷ್ಟು ಹತ್ತಿರ ಎನ್ನುವುದು ಮಾತ್ರ ಇನ್ನೂ ಗಟ್ಟಿಯಾಗಿಲ್ಲ. ಅದೊಂದು ಸಂಖ್ಯೆ ಗಟ್ಟಿಯಾಗುವವರೆಗೆ ಇಂಥ ಎಷ್ಟೋ ಧೂಮಕೇತುಗಳ ಹಳೇ ಜಾತಕ ತೂಗುಯ್ಯಾಲೆಯಲ್ಲೇ.

ತಾರಸಿ_ದುರ್ಬೀನು:

ಮೇಲಿನ ಇಬ್ಬರೂ ಲೆಕ್ಕದವರು. ನಾನು ತಾರಸಿ ಮೇಲೆ ಎಂಟು ಇಂಚಿನ ದೂರದರ್ಶಕ ಇಟ್ಟುಕೊಂಡು ಸೊಳ್ಳೆ ಕಚ್ಚಿಸಿಕೊಳ್ಳುವವನು. ಚುಕ್ಕೆ ಅಳೆಯುವ ಕಷ್ಟ ನಾನು ಹೇಳಬೇಕು.

2024ರ ಅಕ್ಟೋಬರ್‌ನಲ್ಲಿ ಸುಚಿನ್‌ಶಾನ್-ಅಟ್ಲಾಸ್‌ನ ಸ್ಥಾನ ನಾನೇ ಅಳೆಯೋಣ ಅಂತ ಹೊರಟೆ. ಮೂರು ಸಂಜೆ ಚಿತ್ರ ತೆಗೆದೆ, ಹಿನ್ನೆಲೆ ನಕ್ಷತ್ರಗಳ ಜೊತೆ ಹೋಲಿಸಿದೆ, ಉತ್ತರ ಏಳೆಂಟು ಆರ್ಕ್‌ಸೆಕೆಂಡ್ ಆಚೆ ಬರುತ್ತಿದೆ. ಮೂರೂ ದಿನ, ಒಂದೇ ಕಡೆಗೆ. ಕನ್ನಡಿ ಬಿಚ್ಚಿ ಜೋಡಿಸಿದೆ, ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ, ಹೆಂಡತಿ ಊಟಕ್ಕೆ ಕರೆದು ಕರೆದು ಮಲಗಿದಳು. ಕೊನೆಗೆ ಸಿಕ್ಕಿದ್ದು ಏನು? ಲ್ಯಾಪ್‌ಟಾಪ್ ಗಡಿಯಾರ 40 ಸೆಕೆಂಡ್ ಹಿಂದೆ ಇತ್ತು! ತಾರಸಿಯಲ್ಲಿ ವೈಫೈ ಸಿಗದ್ದಕ್ಕೆ ವಾರಗಟ್ಟಲೆ ಸರಿಮಾಡಿಕೊಂಡಿರಲಿಲ್ಲ. ಆ ವಾರ ಧೂಮಕೇತು ನಮಗೆ ಹತ್ತಿರ ಇತ್ತು, ದಿನಕ್ಕೆ ನಾಲ್ಕೈದು ಡಿಗ್ರಿ ಓಡುತ್ತಿತ್ತು, 40 ಸೆಕೆಂಡಿನಲ್ಲಿ ಅಷ್ಟು ದೂರ ಹೋಗಿಬಿಡುತ್ತದೆ. ಬರ್ನಾರ್ಡಿನೆಲ್ಲಿ-ಬರ್ನ್‌ಸ್ಟೈನ್ ಆಗಿದ್ದರೆ ಗಡಿಯಾರ ಕೆಟ್ಟಿದ್ದೂ ಗೊತ್ತಾಗುತ್ತಿರಲಿಲ್ಲ, ಅಷ್ಟು ದೂರದ್ದು ಗಂಟೆಗೆ ಬರೀ ಐದಾರು ಆರ್ಕ್‌ಸೆಕೆಂಡ್ ಸರಿಯುತ್ತದೆ.

ಇನ್ನೊಂದು, ಧೂಮಕೇತು ಚುಕ್ಕೆ ಅಲ್ಲ, ಹತ್ತಿಯ ಉಂಡೆ. ಅದರ ಬೀಜ ಎಲ್ಲಿದೆ ಅಂತ ಅಂದಾಜು ಮಾಡಬೇಕು, ಬಾಲದ ಕಡೆಗೆ ಕಣ್ಣು ಎಳೆಯುತ್ತದೆ. ಜೊತೆಗೆ ಹೊರಗೆ ಚಿಮ್ಮುವ ಅನಿಲ ಸಣ್ಣ ರಾಕೆಟ್ಟಿನ ಹಾಗೆ ಧೂಮಕೇತುವನ್ನು ತಳ್ಳುತ್ತದೆ, ಗುರುತ್ವದ ಲೆಕ್ಕವನ್ನೇ ಕೆಡಿಸುತ್ತದೆ. ದೂರದ ಧೂಮಕೇತುಗಳ ಕಕ್ಷೆ ಚೆನ್ನಾಗಿ ಸಿಗುವುದು ಇದೇ ಕಾರಣಕ್ಕೆ, ಅಲ್ಲಿ ಚಳಿ, ಚಿಮ್ಮುವುದು ಕಡಿಮೆ. ಪೂರ್ತಿ ಇಲ್ಲ ಅಂತಲ್ಲ. 2024ರಲ್ಲಿ ಅಲ್ಮಾ ದೂರದರ್ಶಕಕ್ಕೆ 16.6 ಖಗೋಳಮಾನ ದೂರದಲ್ಲೇ ಬರ್ನಾರ್ಡಿನೆಲ್ಲಿ-ಬರ್ನ್‌ಸ್ಟೈನ್‌ನಿಂದ ಕಾರ್ಬನ್ ಮಾನಾಕ್ಸೈಡ್ ಚಿಮ್ಮುವುದು ಕಂಡಿದೆ. ಆದರೆ ಅದರ ಗಾತ್ರವೂ ನೋಡಿ, ಹಬಲ್ ಅಳತೆಯಲ್ಲಿ ಅಡ್ಡಗಲ ಸುಮಾರು 120 ಕಿಲೋಮೀಟರ್, ಅಲ್ಮಾ ಅಳತೆಯಲ್ಲಿ 137. ಅಂಥ ಗುಡ್ಡವನ್ನು ಒಂದು ಚಿಮ್ಮು ಎಷ್ಟು ತಳ್ಳೀತು.

ನಮ್ಮ ಕಡೆಯ ಕೆಲಸವೂ ಇದೆ, ಹೇಳಿಬಿಡ್ತೀನಿ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಬೆಂಗಳೂರು ಪಕ್ಕದ ಹೊಸಕೋಟೆಯಿಂದ. ಬೋರಿಸೊವ್ ಬಂದಾಗ ಅದರಿಂದಲೂ ನೋಡಿದ್ದಾರೆ. ಹೊಸಕೋಟೆ ಅಂದರೆ ಬಿರಿಯಾನಿ ಮಾತ್ರ ನೆನಪಾಗುವವರು ಗಮನಿಸಿ.

ಹೊಲದಂಚಿನ_ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊಬೈಲ್ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದೆ. 40,400ರ ಅರ್ಧ 20,200, ಅದನ್ನು ಅದರದೇ ವರ್ಗಮೂಲದಿಂದ ಗುಣಿಸಿದೆ (ಕೆಪ್ಲರ್ ನಿಯಮ ಪಿಯುಸಿಯಲ್ಲಿ ಓದಿದ್ದು, ಪುಣ್ಯಕ್ಕೆ ನೆನಪಿತ್ತು). 28,70,959 ವರ್ಷ ಬಂತು. ಹೋಗುವ ಕಕ್ಷೆಗೆ 55 ಸಾವಿರ ಹಾಕಿದರೆ 45 ಲಕ್ಷ ದಾಟುತ್ತದೆ. ಹಾಗಾದರೆ ಬಂದದ್ದು 29 ಲಕ್ಷದ ದಾರಿಯಲ್ಲಿ, ಹೋಗುವುದು 45 ಲಕ್ಷದ ದಾರಿಯಲ್ಲಿ. "ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ" ಅನ್ನುವ ಪ್ರಶ್ನೆಯೇ ತಪ್ಪು, ಅಲ್ವಾ ಮೇಷ್ಟ್ರೇ?

ಮತ್ತೊಂದು, 2031ಕ್ಕೆ ಹೊಲದ ಬದುವಿನಿಂದ ಕಾಣುತ್ತಾ?

ಲೆಕ್ಕದ_ಮೇಷ್ಟ್ರು:

ತಪ್ಪೇ. ಲೆಕ್ಕ ಸರಿಯಾಗಿದೆ, ಆದರೆ ಆ ಕೊನೆಯ 959 ಅಳಿಸಿ, 260ರ ಹೆಚ್ಚುಕಡಿಮೆಯನ್ನು ಹಾಕಿ ನೋಡಿದರೆ ಉತ್ತರವೇ ಸುಮಾರು 28 ಸಾವಿರ ವರ್ಷ ಆಚೀಚೆ ಆಗುತ್ತದೆ. 28.7 ಲಕ್ಷ ಅಂತ ಬರೆದರೆ ಪೂರ್ತಿ ಅಂಕ ಕೊಡ್ತೀನಿ.

ಬದುವಿನಿಂದ ಬರಿಗಣ್ಣಿಗೆ ಕಾಣುವುದಿಲ್ಲ, ಅಷ್ಟು ದೂರ. ದುರ್ಬೀನು ಅವರ ತಾರಸಿಗೆ ಹೋಗಿ. ಗಡಿಯಾರ ಸರಿ ಇದೆಯಾ ಅಂತ ಮೊದಲು ಕೇಳಿ.

ತಾರಸಿ_ದುರ್ಬೀನು:

ಬನ್ನಿ ಬನ್ನಿ. ಸೊಳ್ಳೆ ಬತ್ತಿ ನಿಮ್ಮದೇ.